ಗುಂಡು ಎಲ್ಲಿ ನಿಲ್ಲುತ್ತದೆ? ಮನೆಮಟ್ಟದ ಪರೀಕ್ಷೆಗಳು ಮತ್ತು ಅವುಗಳ ಮಿತಿ

ಕೊಡಗಿನಲ್ಲಿ ನಾಲ್ಕು ಜನ ಸೇರಿ ಕೋವಿಯ ಮಾತು ತೆಗೆದರೆ ಅದು ಗುರಿಯ ಕಡೆಗೇ ಹೋಗುತ್ತದೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಆಯುಧಗಳಿಗೆ ತೋಕ್ ಪೂ (ಕೋವಿ ಹೂವು) ಮುಡಿಸಿ ಪೂಜೆ ಮುಗಿಸಿದ ಮೇಲೆ ಊರೂರುಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಯಾರ ಗುಂಡಿಗೆ ಕಾಯಿ ಒಡೆಯಿತು ಎಂಬುದು ವರ್ಷವಿಡೀ ನೆನಪಿನಲ್ಲಿರುತ್ತದೆ. ಆದರೆ ಕಾಯನ್ನು ದಾಟಿದ ಆ ಗುಂಡು ಮುಂದೆ ಎಲ್ಲಿಗೆ ಹೋಯಿತು, ಎಷ್ಟು ಆಳಕ್ಕೆ ಇಳಿಯಿತು, ಯಾವ ರೂಪದಲ್ಲಿ ನಿಂತಿತು ಎಂದು ಕೇಳುವವರು ಕಡಿಮೆ. ಇಂದು ನಾನು ಮಾತನಾಡಬೇಕೆಂದಿರುವುದು ಆ ಪ್ರಶ್ನೆಯ ಬಗ್ಗೆ. ಗುಂಡಿನ ನುಗ್ಗುವಿಕೆಯನ್ನೂ ಅದು ಅರಳುವ ಬಗೆಯನ್ನೂ ಸಾಮಾನ್ಯ ಸಾಮಗ್ರಿಗಳಿಂದ ಪರೀಕ್ಷಿಸುವ ವಿಧಾನಗಳು ಯಾವುವು, ಅವು ನಮಗೆ ಏನನ್ನು ನಿಜವಾಗಿ ತಿಳಿಸುತ್ತವೆ, ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನು ನೋಡೋಣ.

ಈ ವಿಷಯ ಈ ಜಿಲ್ಲೆಗೆ ಏಕೆ ಹೆಚ್ಚು ಸಲ್ಲುತ್ತದೆ ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು 1861ರಲ್ಲಿ ಬ್ರಿಟಿಷ್ ಆಡಳಿತ ನೀಡಿದ ವಿನಾಯಿತಿ ಇಂದಿಗೂ ಬೇರೆ ರೂಪದಲ್ಲಿ ಉಳಿದಿದೆ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2019ರಲ್ಲಿ 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋವಿ ಇಟ್ಟುಕೊಳ್ಳುವ ಹಕ್ಕು ಹೀಗೆ ಗಟ್ಟಿಯಾಗಿರುವಾಗ ಅದರ ಗುಂಡಿನ ನಡತೆಯನ್ನು ಅರಿಯುವ ಹೊಣೆಯೂ ನಮ್ಮ ಮೇಲಿದೆ ಎಂದು ನಾನು ನಂಬಿದ್ದೇನೆ. ನಮ್ಮದು ಬಯಲು ಸೀಮೆಯಲ್ಲ. ಕಾಫಿ ಗಿಡಗಳ ನಡುವೆ ಇಪ್ಪತ್ತು ಗಜ ಆಚೆ ಯಾರು ಮೆಣಸು ಕೊಯ್ಯುತ್ತಿದ್ದಾರೆ ಎಂಬುದು ಕಾಣುವುದಿಲ್ಲ. ತೋಟದ ಅಂಚಿನಲ್ಲಿ ಕಾರ್ಮಿಕರ ಲೈನ್ ಮನೆಗಳಿರುತ್ತವೆ. ಎಲೆಯ ಮರೆ ಕಣ್ಣನ್ನು ತಡೆಯುತ್ತದೆಯೇ ಹೊರತು ಗುಂಡನ್ನು ತಡೆಯುವುದಿಲ್ಲ.

ಮೊದಲು ಅರಳುವಿಕೆ ಎಂದರೇನು ಎಂಬುದನ್ನು ಸ್ಪಷ್ಟಪಡಿಸುತ್ತೇನೆ. ಮೆತ್ತನೆಯ ತುದಿಯ ಅಥವಾ ಟೊಳ್ಳು ತುದಿಯ ಗುಂಡು ನೀರಿನಂಶವುಳ್ಳ ವಸ್ತುವಿಗೆ ಬಡಿದಾಗ ಅದರ ಮುಂಭಾಗದ ಮೇಲೆ ಭಾರಿ ಒತ್ತಡ ಬೀಳುತ್ತದೆ. ಈ ಒತ್ತಡವು ವಸ್ತುವಿನ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಗುಣವಾಗಿರುತ್ತದೆ. ಸೆಕೆಂಡಿಗೆ 300 ಮೀಟರ್ ವೇಗದ ಗುಂಡು ನೀರಿಗೆ ಬಡಿದಾಗ ಅದರ ಮೂತಿಯ ಮೇಲೆ ಬೀಳುವ ಒತ್ತಡ ಸುಮಾರು 45 ಮೆಗಾಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ 440 ಪಟ್ಟಿಗೂ ಹೆಚ್ಚು. ಮೆತ್ತನೆಯ ಸೀಸ ಇದನ್ನು ತಾಳಲಾರದೆ ಹಿಂದಕ್ಕೆ ಮಡಚಿಕೊಂಡು ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಅದೇ ಗುಂಡಿನ ವೇಗ ದೂರದಿಂದಾಗಿ ಅರ್ಧಕ್ಕೆ ಇಳಿದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ, ಆಗ ಅದು ಬಿಚ್ಚಿಕೊಳ್ಳದೆಯೇ ಹೋಗಬಹುದು. ಬಿಚ್ಚಿಕೊಂಡ ಗುಂಡು ಬೇಗ ನಿಲ್ಲುತ್ತದೆ. 9 ಮಿಲಿಮೀಟರ್ ವ್ಯಾಸದ ಗುಂಡು 14 ಮಿಲಿಮೀಟರಿಗೆ ಅರಳಿದರೆ ಅದರ ಎದುರು ಮುಖದ ವಿಸ್ತೀರ್ಣ ಸುಮಾರು ಎರಡೂವರೆ ಪಟ್ಟಾಗುತ್ತದೆ. ಅರಳುವಿಕೆಯೂ ನುಗ್ಗುವಿಕೆಯೂ ಒಂದೇ ಲೆಕ್ಕದ ಎರಡು ಬದಿಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಅಳೆದರೆ ಅರ್ಥವಿಲ್ಲ.

ಇಲ್ಲಿ ಸ್ವಲ್ಪ ಇತಿಹಾಸಕ್ಕೆ ಹೋಗಿ ಬರುತ್ತೇನೆ. 1742ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ತೂಗುಹಾಕಿದ ಭಾರವಾದ ಲೋಲಕಕ್ಕೆ ಗುಂಡು ಹೊಡೆದು, ಅದು ಎಷ್ಟು ಹಿಂದಕ್ಕೆ ತೂಗಿತು ಎಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕುವ ವಿಧಾನವನ್ನು ಪ್ರಕಟಿಸಿದ. ಕೈಗೆ ಸಿಗುವ ವಸ್ತುಗಳಿಂದ ಕಣ್ಣಿಗೆ ಕಾಣದ ವೇಗವನ್ನು ಹಿಡಿದ ಆ ಪ್ರಯೋಗವನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೊಡರ್ ಕೋಕರ್, ಮುಂದೆ 1909ರಲ್ಲಿ ಥೈರಾಯ್ಡ್ ಕುರಿತ ಕೆಲಸಕ್ಕೆ ನೊಬೆಲ್ ಪಡೆದವರು, ಗುಂಡೇಟಿನ ಗಾಯಗಳನ್ನು ಅರಿಯಲು ನೀರು ತುಂಬಿದ ಪಾತ್ರೆ, ಸೋಪು, ಜೆಲಾಟಿನ್‌ಗಳ ಮೇಲೆ ಪ್ರಯೋಗ ಮಾಡಿದರು. ಅವರ ಉದ್ದೇಶ ಗಾಯವನ್ನು ವಾಸಿಮಾಡುವುದಾಗಿತ್ತು. ನಮ್ಮ ದೇಶದ ಹೆಸರೂ ಈ ಇತಿಹಾಸದಲ್ಲಿ ಸೇರಿಕೊಂಡಿದೆ. ಕೋಲ್ಕತ್ತದ ಬಳಿಯ ದಮ್ ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ತಯಾರಾದ ಅರಳುವ ಗುಂಡು ಎಷ್ಟು ಟೀಕೆಗೆ ಗುರಿಯಾಯಿತೆಂದರೆ, 1899ರ ಹೇಗ್ ಘೋಷಣೆ ಅಂಥ ಗುಂಡುಗಳನ್ನು ಯುದ್ಧದಲ್ಲಿ ಬಳಸದಂತೆ ನಿಷೇಧಿಸಿತು.

ಈಗ ವಿಧಾನಗಳಿಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ನೀರು. ಚೌಕಾಕಾರದ ಎಣ್ಣೆ ಕ್ಯಾನ್‌ಗಳಿಗೆ ಕಂಠಮಟ್ಟ ನೀರು ತುಂಬಿ, ಒಂದರ ಹಿಂದೆ ಒಂದನ್ನು ಹಲಗೆಯ ಮೇಲೆ ಸಾಲಾಗಿ ಇಡುತ್ತಾರೆ. ನೀರಿನ ದೊಡ್ಡ ಗುಣವೆಂದರೆ ಅದು ಎಲ್ಲೆಡೆಯೂ ಒಂದೇ. ಮಡಿಕೇರಿಯ ನೀರಿಗೂ ವಿರಾಜಪೇಟೆಯ ನೀರಿಗೂ ಈ ಕೆಲಸದಲ್ಲಿ ವ್ಯತ್ಯಾಸವಿಲ್ಲ, ಆದ್ದರಿಂದ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ಮತ್ತೆ ಮಾಡಿ ನೋಡಬಹುದು. ಟೊಳ್ಳು ತುದಿಯ ಗುಂಡು ನೀರಿನಲ್ಲಿ ತನ್ನಿಂದ ಸಾಧ್ಯವಾದಷ್ಟೂ ಅರಳುತ್ತದೆ ಮತ್ತು ಗುಂಡು ಸ್ವಚ್ಛವಾಗಿ ಕೈಗೆ ಸಿಗುತ್ತದೆ. ಆದರೆ ಆಳದ ವಿಷಯದಲ್ಲಿ ನೀರು ನಮ್ಮನ್ನು ಮೋಸಗೊಳಿಸುತ್ತದೆ. ನೀರಿಗೆ ಗಟ್ಟಿತನವಿಲ್ಲ, ವೇಗ ಕಳೆದುಕೊಂಡ ಗುಂಡನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಅರಳಿದ ಗುಂಡು ನೀರಿನಲ್ಲಿ ಹೋಗುವ ದೂರ, ಪ್ರಯೋಗಾಲಯಗಳ ಅಳತೆಗೋಲಾದ ಜೆಲಾಟಿನ್‌ನಲ್ಲಿ (ಅದರ ಬಗ್ಗೆ ಮುಂದೆ ಹೇಳುತ್ತೇನೆ) ಹೋಗುವುದರ ಸುಮಾರು ಒಂದೂವರೆಯಿಂದ ಎರಡು ಪಟ್ಟಿನವರೆಗೆ ಇರುತ್ತದೆ. ಅದಲ್ಲದೆ ನಿಮ್ಮ ಅಳತೆಯ ಸೂಕ್ಷ್ಮತೆ ಒಂದು ಕ್ಯಾನಿನ ಅಗಲಕ್ಕಿಂತ ಹೆಚ್ಚಿರಲಾರದು. ಗುಂಡು ನಾಲ್ಕನೆಯ ಕ್ಯಾನಿನಲ್ಲಿ ಸಿಕ್ಕಿತು ಎಂದರೆ, ಮೂರನೆಯದನ್ನು ದಾಟಿ ನಾಲ್ಕನೆಯದನ್ನು ದಾಟಲಿಲ್ಲ ಎಂದಷ್ಟೇ ಅರ್ಥ. ದುಂಡನೆಯ ಬಾಟಲಿಗಳನ್ನಿಟ್ಟರೆ ಗುಂಡು ಓರೆಯಾಗಿ ತಗುಲಿ ಸಾಲಿನಿಂದ ಹೊರಗೆ ಹಾರುವ ಸಂಭವವಿರುವುದರಿಂದ ಅವನ್ನು ನಾನು ಒಪ್ಪುವುದಿಲ್ಲ.

ಮೊದಲ ಕ್ಯಾನು ಸಿಡಿದು ಚೂರಾಗುವುದನ್ನು ನೋಡಿ ಆ ತೋಟಾ ಭಾರಿ ಶಕ್ತಿಯುತವಾದದ್ದು ಎಂದು ನಿರ್ಧರಿಸುವವರಿದ್ದಾರೆ. ತೆಂಗಿನಕಾಯಿಯ ಸ್ಪರ್ಧೆಯಲ್ಲೂ ಇದೇ ತಪ್ಪು ಗ್ರಹಿಕೆ ನುಸುಳುತ್ತದೆ. ನೀರು ಕುಗ್ಗುವ ವಸ್ತುವಲ್ಲ. ಗುಂಡು ಅದನ್ನು ಬದಿಗೆ ತಳ್ಳಿದಾಗ ಆ ಒತ್ತಡ ಗೋಡೆಯ ಮೇಲೆ ಬಿದ್ದು ಗಟ್ಟಿ ಪಾತ್ರೆ ಒಡೆಯುತ್ತದೆ. ಎಳನೀರು ತುಂಬಿದ ಕಾಯಿ ಛಿದ್ರವಾಗುವುದು, ಒಳಗಿನ ನೀರು ಬತ್ತಿದ ಕೊಬ್ಬರಿ ಗಿಟುಕಿನಲ್ಲಿ ಬರಿಯ ತೂತು ಬೀಳುವುದು ಈ ಕಾರಣದಿಂದಲೇ. ಅದು ಪಾತ್ರೆಯ ಕುರಿತ ಮಾಹಿತಿ. ಗುಂಡು ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ.

ಎರಡನೆಯದು ನೆನೆಸಿದ ಹಳೆಯ ಪತ್ರಿಕೆಗಳು. ಪತ್ರಿಕೆಗಳನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಹೊರತೆಗೆದು, ಒಂದೇ ಅವಧಿಯವರೆಗೆ ಬಸಿಯಲು ಬಿಟ್ಟು, ಹಲಗೆಗಳ ನಡುವೆ ಒತ್ತಿ ಕಟ್ಟಬೇಕು. ಇದರ ಅನುಕೂಲವೆಂದರೆ ಗುಂಡು ಹೋದ ದಾರಿ ಹಾಳೆಹಾಳೆಯಾಗಿ ಉಳಿದುಕೊಳ್ಳುತ್ತದೆ. ಎಲ್ಲಿ ಅರಳಲು ಶುರುವಾಯಿತು, ಎಲ್ಲಿ ತೂತು ಅತಿ ದೊಡ್ಡದಾಯಿತು, ಎಲ್ಲಿ ಚೂರುಗಳು ಬೇರ್ಪಟ್ಟವು ಎಂಬುದನ್ನು ಪುಟ ತಿರುವಿ ಓದಬಹುದು. ಕಾಗದದ ನಾರು ಜೆಲಾಟಿನ್‌ಗಿಂತ ಗಟ್ಟಿ, ಹಾಗಾಗಿ ಆಳ ಕಡಿಮೆ ಬರುತ್ತದೆ. ಆದರೆ ನಮ್ಮ ಹವೆಯಲ್ಲಿ ಇದರ ದೊಡ್ಡ ತೊಡಕು ತೇವದ ವ್ಯತ್ಯಾಸ. ಜುಲೈನ ಮಳೆಯಲ್ಲಿ ಕಟ್ಟಿದ ಕಟ್ಟಿಗೂ ಫೆಬ್ರುವರಿಯ ಬಿಸಿಲಲ್ಲಿ ಕಟ್ಟಿದ ಕಟ್ಟಿಗೂ ಹೋಲಿಕೆಯಿಲ್ಲ. ಬಿಸಿಲಿನಲ್ಲಾದರೆ ಬೆಳಗಿನ ಮೊದಲ ಹೊಡೆತಕ್ಕೂ ಮಧ್ಯಾಹ್ನದ ಕೊನೆಯ ಹೊಡೆತಕ್ಕೂ ನಡುವೆಯೇ ಕಾಗದ ಒಣಗಿ ಬೇರೆ ವಸ್ತುವಾಗಿರುತ್ತದೆ. ಕಟ್ಟನ್ನು ತೂಗಿ, ಅದರ ಉದ್ದ ಅಗಲ ಎತ್ತರ ಅಳೆದು, ಘನ ಅಳತೆಗೆ ಎಷ್ಟು ತೂಕ ಎಂಬುದನ್ನು ಬರೆದಿಟ್ಟರೆ ಈ ತೊಡಕನ್ನು ಸಾಕಷ್ಟು ಹತೋಟಿಯಲ್ಲಿಡಬಹುದು.

ಬಾಳೆದಿಂಡನ್ನು ಬಳಸಬಹುದೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಬರುತ್ತದೆ. ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆ ಕಡಿಯುವ ಸಂಪ್ರದಾಯ ನಮ್ಮದು, ಮನೆಯ ಹಿತ್ತಿಲಲ್ಲಿ ಬಾಳೆಗೆ ಕೊರತೆಯಿಲ್ಲ, ದಿಂಡಿನ ಬಹುಪಾಲು ನೀರೇ. ಆದರೂ ಅದು ಪರೀಕ್ಷೆಗೆ ಯೋಗ್ಯವಲ್ಲ. ದಿಂಡಿನ ಹಾಳೆಗಳ ಒಳಗೆ ಸಾಲುಸಾಲಾಗಿ ಗಾಳಿಯ ಗೂಡುಗಳಿವೆ, ನಾರು ಒಂದೇ ದಿಕ್ಕಿನಲ್ಲಿ ಓಡುತ್ತದೆ, ನಡುವಿನ ತಿರುಳಿಗೂ ಹೊರಪದರಕ್ಕೂ ಗುಣ ಬೇರೆ. ಒಂದೇ ಗಿಡದ ಬುಡಕ್ಕೂ ತುದಿಗೂ ಫಲಿತಾಂಶ ಹೊಂದುವುದಿಲ್ಲ. ಗದ್ದೆಯ ಜೇಡಿಮಣ್ಣಿನ ಬಗ್ಗೆಯೂ ಎಚ್ಚರಿಕೆ ಹೇಳಬೇಕು. ದೇಹದ ಸ್ನಾಯು ಗುಂಡು ಹಾದುಹೋದಾಗ ಕ್ಷಣಕಾಲ ಹಿಗ್ಗಿ ಮತ್ತೆ ಕುಗ್ಗುತ್ತದೆ; ಜೇಡಿಗೆ ಆ ಸ್ಥಿತಿಸ್ಥಾಪಕತೆ ಇಲ್ಲ, ಹಿಗ್ಗಿದ್ದು ಹಾಗೆಯೇ ಉಳಿದುಬಿಡುತ್ತದೆ. ಅದರಲ್ಲಿ ಕಾಣುವ ಗವಿಯಂಥ ಕುಳಿಯನ್ನು ಗಾಯದ ಅಳತೆಯೆಂದು ತಿಳಿಯುವುದು ದೊಡ್ಡ ತಪ್ಪು. ಮರದ ಹಲಗೆಗಳು ಸೈನ್ಯಗಳು ಬಹುಕಾಲ ಬಳಸಿದ ಮಾಪನ. ಸಿಲ್ವರ್ ಓಕ್ ಹಲಗೆ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಒಣ ಮರದಲ್ಲಿ ಟೊಳ್ಳು ತುದಿಗೆ ಮರದ ಚೂರು ತುಂಬಿಕೊಂಡು ಅದು ಅರಳದೆಯೇ ಸಾಗುತ್ತದೆ. ಹಲಗೆಯಿಂದ ಹಲಗೆಯ ಗುಣ ತಿಳಿಯುತ್ತದೆ, ಅಷ್ಟೇ. ಆ ಮಾಹಿತಿಗೂ ಬೆಲೆಯಿದೆ, ಅದನ್ನು ಮುಂದೆ ಹೇಳುತ್ತೇನೆ.

ಜೆಲಾಟಿನ್‌ಗೆ ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ಇಂದು ಪ್ರಯೋಗಾಲಯಗಳು ಒಪ್ಪಿಕೊಂಡಿರುವ ಅಳತೆಗೋಲು ಅದು. 1986ರ ಏಪ್ರಿಲ್‌ನಲ್ಲಿ ಅಮೆರಿಕದ ಮಯಾಮಿಯಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಅಧಿಕಾರಿಗಳಿಗೂ ಇಬ್ಬರು ದರೋಡೆಕೋರರಿಗೂ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ದರೋಡೆಕೋರನೊಬ್ಬನ ತೋಳನ್ನು ದಾಟಿ ಎದೆಗೆ ಹೊಕ್ಕ ಗುಂಡು ಅರಳಿ ಹೃದಯವನ್ನು ಮುಟ್ಟುವ ಮೊದಲೇ ನಿಂತುಹೋಗಿತ್ತು. ಆ ಬಳಿಕ ನಡೆದ ಅಧ್ಯಯನಗಳಿಂದ ಎಫ್‌ಬಿಐ ಜೆಲಾಟಿನ್‌ನಲ್ಲಿ ಕನಿಷ್ಠ 12 ಇಂಚು, ಗರಿಷ್ಠ 18 ಇಂಚು ಎಂಬ ಆಳದ ಮಿತಿಯನ್ನು ಹಾಕಿಕೊಂಡಿತು. ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ರೂಢಿಗೆ ತಂದ ಪಾಕವೆಂದರೆ ತೂಕದಲ್ಲಿ ಶೇಕಡ 10ರಷ್ಟು ಜೆಲಾಟಿನ್, 4 ಡಿಗ್ರಿ ಸೆಲ್ಸಿಯಸ್ ಉಷ್ಣತೆ. ಒಂದು ಕಿಲೋ ಪುಡಿಗೆ ಒಂಬತ್ತು ಕಿಲೋ ನೀರು. ಪುಡಿಯನ್ನು ತಣ್ಣೀರಿಗೆ ಉದುರಿಸಿ ನೆನೆಯಲು ಬಿಟ್ಟು, ನಂತರ ನಿಧಾನವಾಗಿ ಬಿಸಿ ಮಾಡಬೇಕು. 40 ಡಿಗ್ರಿ ಮೀರಬಾರದು, ಕುದಿಸಿದರೆ ಅದರ ಬಿಗಿ ಹಾಳಾಗುತ್ತದೆ. ಅಚ್ಚಿಗೆ ಹೊಯ್ದು ಒಂದೂವರೆ ದಿನವಾದರೂ ಫ್ರಿಜ್ಜಿನಲ್ಲಿ ಇಡಬೇಕು. ಅಡುಗೆಯ ಪಾತ್ರೆ ಇದಕ್ಕೆ ಬೇಡ, ಏಕೆಂದರೆ ಮುಂದೆ ಆ ಗಟ್ಟಿಯನ್ನು (ಅಚ್ಚಿನಲ್ಲಿ ಹೆಪ್ಪಾದ ತುಂಡನ್ನು) ಮತ್ತೆ ಕರಗಿಸಿದರೆ ಅದರಲ್ಲಿ ಸೀಸ ಇರುತ್ತದೆ.

ಅಂಗಡಿಯಲ್ಲಿ ಸಿಗುವ ಜೆಲಾಟಿನ್ ಪುಡಿಯ ಬಿಗಿ ಒಂದೊಂದು ತಯಾರಿಗೆ ಒಂದೊಂದು ಬಗೆ. ಹಾಗಾಗಿ ಮಾಡಿದ ಗಟ್ಟಿ ಸರಿಯಾಗಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಪ್ರಯೋಗಾಲಯಗಳು 4.5 ಮಿಲಿಮೀಟರ್ ಉಕ್ಕಿನ ಗೋಲಿಯನ್ನು ಸೆಕೆಂಡಿಗೆ 590 ಅಡಿ, ಅಂದರೆ ಸುಮಾರು 180 ಮೀಟರ್ ವೇಗದಲ್ಲಿ ಹಾರಿಸುತ್ತವೆ. ಅದು ಎಂಟೂವರೆ ಸೆಂಟಿಮೀಟರ್ ಆಳದಲ್ಲಿ, ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಲ್ಲಿ, ನಿಲ್ಲಬೇಕು. ಹೆಚ್ಚು ಆಳಕ್ಕೆ ಹೋದರೆ ಗಟ್ಟಿ ಮೆತ್ತಗಾಗಿದೆ ಅಥವಾ ಬೆಚ್ಚಗಾಗಿದೆ ಎಂದರ್ಥ. ಡಿಸೆಂಬರ್ ಮುಂಜಾನೆಯ ಚಳಿ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು, ನಮ್ಮ ಚಳಿ 4 ಡಿಗ್ರಿಯಲ್ಲ, ಹೊರಗಿಟ್ಟ ಗಟ್ಟಿ ಮೇಲ್ಮೈಯಿಂದ ಒಳಕ್ಕೆ ಸಡಿಲವಾಗುತ್ತ ಹೋಗುತ್ತದೆ. ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ತಂದು ಬೇಗ ಕೆಲಸ ಮುಗಿಸುವುದೊಂದೇ ದಾರಿ. ಈ ಮಾಪನದ ಹೊಡೆತದ ತತ್ವವನ್ನು ನೀವು ಒದ್ದೆ ಕಾಗದಕ್ಕೂ ಅನ್ವಯಿಸಬಹುದು. ಒಂದೇ ಏರ್‌ಗನ್, ಒಂದೇ ತೂಕದ ಪೆಲೆಟ್, ಒಂದೇ ದೂರ. ಪ್ರತಿ ಹೊಸ ಕಟ್ಟಿಗೂ ಮೊದಲು ಅದನ್ನು ಹೊಡೆದು ಆಳ ಬರೆದಿಟ್ಟರೆ, ಈ ವಾರದ ಕಟ್ಟನ್ನೂ ಮುಂದಿನ ತಿಂಗಳ ಕಟ್ಟನ್ನೂ ಹೋಲಿಸಲು ಒಂದು ಆಧಾರ ಸಿಗುತ್ತದೆ. ಮನೆಮಟ್ಟದ ಪರೀಕ್ಷೆಗಳಲ್ಲಿ ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಇದನ್ನು ಬಿಟ್ಟರೆ ಉಳಿದದ್ದು ಬರಿಯ ನೋಟ.

ಸಿಕ್ಕಿದ ಗುಂಡನ್ನು ಅಳೆಯುವ ಕೆಲಸಕ್ಕೂ ಅಷ್ಟೇ ಶ್ರದ್ಧೆ ಬೇಕು. ಅರಳಿದ ತಲೆಯ ಅತಿ ಅಗಲವಾದ ಕಡೆಯನ್ನೂ ಅತಿ ಕಿರಿದಾದ ಕಡೆಯನ್ನೂ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಸರಾಸರಿ ತೆಗೆಯಬೇಕು; ಒಂದೇ ಒಂದು ಚಾಚಿಕೊಂಡ ಎಸಳಿನ ತುದಿಯನ್ನು ಅಳೆದು ದೊಡ್ಡ ಸಂಖ್ಯೆ ಹೇಳುವುದು ಸರಿಯಲ್ಲ. ಚಿನಿವಾರರು ಬಳಸುವ ತಕ್ಕಡಿಯಲ್ಲಿ ತೂಗಿ, ಮೂಲ ತೂಕದ ಶೇಕಡ ಎಷ್ಟು ಉಳಿದಿದೆ ಎಂದು ಲೆಕ್ಕಹಾಕಬೇಕು. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ಹೇಳುವ ರೂಢಿಯಿದೆ. ಒಂದು ಗ್ರೇನ್ ಎಂದರೆ 0.0648 ಗ್ರಾಂ. 150 ಗ್ರೇನ್ ಗುಂಡು 120 ಗ್ರೇನ್ ಆಗಿ ಸಿಕ್ಕಿದರೆ ಐದನೇ ಒಂದು ಭಾಗ ಚೂರಾಗಿ ದಾರಿಯಲ್ಲಿ ಉಳಿದಿದೆ. ಒಂದೇ ಹೊಡೆತದಿಂದ ತೀರ್ಮಾನಕ್ಕೆ ಬರಬಾರದು. ಒಂದೇ ಪೆಟ್ಟಿಗೆಯ ತೋಟಾಗಳಲ್ಲೂ ವೇಗದ ವ್ಯತ್ಯಾಸವಿರುತ್ತದೆ. ಐದಾದರೂ ಹೊಡೆತಗಳು ಬೇಕು, ಅರಳದೆ ಹೋದದ್ದನ್ನೂ ಸಾಲಿನಿಂದ ಹೊರಬಿದ್ದದ್ದನ್ನೂ ಪುಸ್ತಕದಲ್ಲಿ ಬರೆಯಬೇಕು.

ಬಟ್ಟೆಯನ್ನು ಎದುರಿಗೆ ಕಟ್ಟಿ ಹೊಡೆದು ನೋಡಿದಾಗ ಈ ಬರವಣಿಗೆಯ ಬೆಲೆ ತಿಳಿಯುತ್ತದೆ. ಬರಿಯ ನೀರಿನಲ್ಲಿ ಚೆನ್ನಾಗಿ ಅರಳಿದ ಟೊಳ್ಳು ತುದಿಯ ಗುಂಡು, ನಾಲ್ಕು ಪದರ ಜೀನ್ಸ್ ಬಟ್ಟೆಯನ್ನು ಅಥವಾ ಕಂಬಳಿಯನ್ನು ದಾಟಿ ಬಂದಾಗ ಅದರ ಟೊಳ್ಳಿನಲ್ಲಿ ನೂಲು ತುಂಬಿಕೊಂಡು ಅರಳದೆ, ಇನ್ನೂ ಆಳಕ್ಕೆ ನುಗ್ಗಬಹುದು. ಪೆಟ್ಟಿಗೆಯ ಮೇಲೆ ಅರಳುವ ಗುಂಡು ಎಂದು ಬರೆದಿದೆ, ಆದ್ದರಿಂದ ಅದು ಒಳಗೇ ನಿಲ್ಲುತ್ತದೆ ಎಂದು ನಂಬಿಕೊಂಡು ಹಿಂದೆ ಏನಿದೆ ಎಂದು ನೋಡದಿರುವುದು ಅಪಾಯಕರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ವೇಗ ಹೆಚ್ಚಾದರೆ ಆಳವೂ ಹೆಚ್ಚು ಎಂಬ ನಂಬಿಕೆಯೂ ಹೀಗೆಯೇ ಸಡಿಲವಾಗುತ್ತದೆ. ಒಣ ಮರಳಿನಲ್ಲಿ ಹತ್ತಿರದಿಂದ ಹೊಡೆದ ರೈಫಲ್ ಗುಂಡು ದೂರದಿಂದ ಹೊಡೆದದ್ದಕ್ಕಿಂತ ಕಡಿಮೆ ಆಳಕ್ಕೆ ಹೋಗುತ್ತದೆ, ಏಕೆಂದರೆ ಹೆಚ್ಚಿನ ವೇಗದಲ್ಲಿ ಅದು ಬೇಗ ಅಡ್ಡ ತಿರುಗಿ ಒಡೆಯುತ್ತದೆ. ಹಾಗೆಂದು ಅಂಗಡಿಯ ಗುಂಡನ್ನು ಅರದಿಂದ ಉಜ್ಜಿ, ಕೊಯ್ದು ಅರಳುವಂತೆ ಮಾಡಲು ಯಾರೂ ಹೋಗಬಾರದು. ಸೀಸದ ಮೇಲಿನ ಲೋಹದ ಕವಚ ಸಡಿಲಗೊಂಡು ನಳಿಗೆಯಲ್ಲೇ ಉಳಿದರೆ ಮುಂದಿನ ಹೊಡೆತಕ್ಕೆ ನಳಿಗೆ ಸೀಳುತ್ತದೆ.

ನಮ್ಮ ಮನೆಗಳಲ್ಲಿ ಹೆಚ್ಚಾಗಿರುವುದು ಹನ್ನೆರಡು ಬೋರಿನ ಕೋವಿ. ಅದರ ನಳಿಗೆಯ ವ್ಯಾಸದ ಸೀಸದ ಉಂಡೆಗಳು ಹನ್ನೆರಡು ಸೇರಿದರೆ ಒಂದು ಪೌಂಡ್ ತೂಗುತ್ತವೆ, ಬೋರಿನ ಲೆಕ್ಕ ಅಲ್ಲಿಂದ ಬಂದದ್ದು. ದಪ್ಪ ಕಾಳು ತುಂಬಿದ ಎಲ್‌ಜಿ, ಎಸ್‌ಜಿ ತೋಟಾಗಳ ದುಂಡು ಕಾಳುಗಳು ಅರಳುವಂಥವಲ್ಲ. ಅವುಗಳ ಆಳ ಕಾಳಿನ ಗಾತ್ರ ಮತ್ತು ತಲುಪಿದಾಗಿನ ವೇಗವನ್ನೇ ಅವಲಂಬಿಸಿದೆ. ಆದ್ದರಿಂದ ಅವಕ್ಕೆ ಕಾಳುಗಳ ಹರಡುವಿಕೆಯನ್ನು ದೊಡ್ಡ ಹಾಳೆಯ ಮೇಲೆ ಬೇರೆ ಬೇರೆ ದೂರದಲ್ಲಿ ಹೊಡೆದು ನೋಡುವುದು ಹೆಚ್ಚು ಉಪಯುಕ್ತ. ಹಾಳೆಯನ್ನು ತಪ್ಪಿಸಿಕೊಂಡ ಪ್ರತಿ ಕಾಳೂ ಎಲ್ಲೋ ಹೋಗಿರುತ್ತದೆ.

ಹಲಗೆಯ ವಿಷಯಕ್ಕೆ ಮರಳುತ್ತೇನೆ ಎಂದಿದ್ದೆ. ನನ್ನ ಅಭಿಪ್ರಾಯದಲ್ಲಿ ನಮಗೆ ಬಹಳ ಅಗತ್ಯವಾದ ಪರೀಕ್ಷೆ ಜೆಲಾಟಿನ್‌ನದ್ದಲ್ಲ. ಜಿಂಕ್ ಶೀಟು, ಮಂಗಳೂರು ಹಂಚು, ಪ್ಲೈವುಡ್ ಬಾಗಿಲು, ತೆಳು ಹಲಗೆಯ ಗೋಡೆ, ಇವುಗಳ ಮುಂದೆ ಗುಂಡು ಏನು ಮಾಡುತ್ತದೆ ಎಂಬುದು ನಮಗೆ ಗೊತ್ತಿರಬೇಕು. ಇವುಗಳಲ್ಲಿ ಯಾವುದೂ, ನಾವು ಚಿಕ್ಕದೆಂದು ಭಾವಿಸುವ .22 (ನಳಿಗೆಯ ವ್ಯಾಸ 0.22 ಇಂಚಿನ) ರೈಫಲ್ಲಿನ ಗುಂಡನ್ನೂ ನಂಬಿಕೆಯಿಂದ ತಡೆಯಲಾರದು. ಆ .22 ತೋಟಾದ ಪೆಟ್ಟಿಗೆಯ ಮೇಲೆಯೇ ಗುಂಡು ಒಂದು ಮೈಲಿಗೂ ಹೆಚ್ಚು ದೂರ ಅಪಾಯಕಾರಿ ಎಂಬ ಎಚ್ಚರಿಕೆ ಇರುತ್ತದೆ. ಲೈನ್ ಮನೆಯ ಗೋಡೆ, ಹುಲ್ಲಿನ ಬಣವೆ, ಕಾಫಿ ಚೀಲದ ಒಟ್ಟಿಲು ಇವನ್ನು ರಕ್ಷಣೆಯೆಂದು ಎಣಿಸುವ ಅಭ್ಯಾಸ ನಮ್ಮ ಯುವಕರಿಂದ ಹೋಗಬೇಕು. ಒಮ್ಮೆ ಹಳೆಯ ಶೀಟಿನ ಹಿಂದೆ ಒದ್ದೆ ಕಾಗದದ ಕಟ್ಟಿಟ್ಟು ಹೊಡೆದು ತೋರಿಸಿದರೆ ಗಂಟೆಗಟ್ಟಲೆ ಉಪದೇಶಿಸುವ ಅಗತ್ಯವಿರುವುದಿಲ್ಲ.

ಇವನ್ನೆಲ್ಲ ಎಲ್ಲಿ ಮಾಡಬೇಕು ಎಂಬುದು ಉಳಿದ ಪ್ರಶ್ನೆ. ಅನುಮತಿಯುಳ್ಳ ಶೂಟಿಂಗ್ ರೇಂಜ್‌ನಲ್ಲಿ, ಅಲ್ಲಿನ ಮೇಲ್ವಿಚಾರಕರ ಎದುರಿಗೆ. ವಿನಾಯಿತಿ ಇರುವುದು ಪರವಾನಗಿಯ ವಿಷಯಕ್ಕೆ. ಇತರರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 1972ರ ವನ್ಯಜೀವಿ ಕಾಯ್ದೆ ಇರುವಾಗ ಪರೀಕ್ಷೆಯ ಹೆಸರಿನಲ್ಲಿ ಯಾವ ಪ್ರಾಣಿಯ ಮೇಲೂ ಗುಂಡು ಹಾರಿಸುವ ಮಾತೇ ಇಲ್ಲ. ಕ್ಯಾನಿನ ಸಾಲಾಗಲಿ ಜೆಲಾಟಿನ್ ಗಟ್ಟಿಯಾಗಲಿ ಗುಂಡನ್ನು ತಡೆಯುವ ಸಾಧನಗಳಲ್ಲ, ಅವುಗಳ ಹಿಂದೆ ಮಣ್ಣು ಇರಲೇಬೇಕು. ತೋಟದ ಬರೆ (ಇಳಿಜಾರಿನ ಮಣ್ಣಿನ ಗೋಡೆ) ಸಾಕು ಎಂದು ಹಲವರು ಭಾವಿಸುತ್ತಾರೆ. ಆದರೆ ಮಳೆಗಾಲದಲ್ಲಿ ಮೇಲ್ಮಣ್ಣು ಕೊಚ್ಚಿಹೋದ ಬರೆಯಲ್ಲಿ ಕಲ್ಲು ಹೊರಬಂದಿರುತ್ತದೆ, ಕಲ್ಲಿಗೆ ತಗುಲಿದ ಗುಂಡು ಯಾವ ದಿಕ್ಕಿಗಾದರೂ ಚಿಮ್ಮಬಹುದು. ಜರಡಿ ಹಿಡಿದ ಮಣ್ಣನ್ನು ಎತ್ತರಕ್ಕೂ ದಪ್ಪಕ್ಕೂ ಪೇರಿಸಿದ ದಿಬ್ಬವೇ ಸರಿ. ನೀರು ನಿಂತ ಗದ್ದೆ ಅಥವಾ ಕೆರೆಯ ಕಡೆಗೆ ಓರೆಯಾಗಿ ಹೊಡೆಯುವುದಂತೂ ಕೂಡದು. ಕಡಿಮೆ ಕೋನದಲ್ಲಿ ಬಡಿದ ಗುಂಡು ನೀರಿನ ಮೇಲ್ಮೈಯಿಂದಲೂ ಪುಟಿದು ಆಚೆ ದಡ ಸೇರುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲಿ. ಗುಂಡು ಹೆಕ್ಕಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಬಾರದು, ಮತ್ತು ಸಿಕ್ಕಿದ ಸೀಸವನ್ನು, ನೆನೆದ ಕಾಗದದ ತುಂಡುಗಳ ಸಮೇತ, ಹಳ್ಳಕ್ಕೆ ಎಸೆಯದೆ ಡಬ್ಬಿಯಲ್ಲಿ ಮುಚ್ಚಿಡಬೇಕು.